ಪಾಸ್‌ವರ್ಡ್ ಯಾರ ಕಡೆ ಇತ್ತು?

ಗಿರಿಜಾ ವೈನಿಯದು ತಪ್ಪಿರಲಿಲ್ಲ. ತಪ್ಪು ನನ್ನದು. ಇದು ನನಗೆ ಆಮೇಲೆ ಎಂದೋ ಹೊಳೆದದ್ದಲ್ಲ — ಅವರ ಮೇಲೆ ಹೊರಿಸಿದ ಗಳಿಗೆಯಲ್ಲೇ ಗೊತ್ತಿತ್ತು. ಗೊತ್ತಿದ್ದೂ ಹೊರಿಸಿದೆ. ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಆಗ ನಾನು ಸಾಂಗ್ಲಿಯ ವಿಶ್ರಾಮಬಾಗದಲ್ಲಿ ಒಂದು ಕೋಣೆ ಹಿಡಿದು ವೆಬ್‌ಸೈಟು ಮಾಡಿಕೊಡುವ ಧಂದೆ ಹಾಕಿದ್ದೆ. ನಮ್ಮದು ಬೇಡಗ ಎಂಬ ಹಳ್ಳಿಯ ಒಕ್ಕಲುತನದ ಮನೆ. ಕಂಪ್ಯೂಟರ್ ಕಲಿತ ಮೊದಲಿಗ ನಾನೇ. ಸಾಂಗ್ಲಿ-ಮೀರಜ ರಸ್ತೆಯ ಎರಡೂ ಬದಿಗೆ ಗಾಜಿನ ಶೋರೂಮುಗಳು ಏಳುತ್ತಿದ್ದ ಕಾಲ. ಅಜ್ಜನ ಕಾಲದ ಅಂಗಡಿಯವರಿಗೂ ಇಂಟರ್ನೆಟ್ಟಿನಲ್ಲಿ ಹೆಸರು ಬೇಕಾಗಿತ್ತು. ಗುರುಸಿದ್ದ ಕಾಕಾ ಹಾಗೆಯೇ ಬಂದರು. ಸಾಂಗ್ಲಿ ಪೇಟೆಯಲ್ಲಿ ಅರಿಶಿಣದ ವ್ಯಾಪಾರ, ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮಸಾಲೆ ಕುಟ್ಟುವ ಸಣ್ಣ ಕಾರಖಾನೆ. ಗಿರಿಜಾ ವೈನಿ ಅವರ ಸೊಸೆ, ಜತ್ತ ಕಡೆಯಿಂದ ಬಂದವರು; ವೈನಿ ಎಂದರೆ ನಮ್ಮ ಕಡೆ ಅತ್ತಿಗೆ.

ಸೈಟು ಸಿದ್ಧವಾದ ಮೇಲೆ, ಅದರಲ್ಲಿ ಒಂದು ಬ್ಲಾಗ್ ಇರಲಿ, ಯಾರಾದರೂ ಆಗಾಗ ಬರೆದರೆ ಗಿರಾಕಿಗಳು ಬರುತ್ತಾರೆ ಎಂದು ಹೇಳಿದವನೂ ನಾನೇ. ಮನೆಯಲ್ಲಿ ಉಳಿದವರು ಮರಾಠಿ ಶಾಲೆಯಲ್ಲಿ ಕಲಿತವರು; ಕನ್ನಡ ಬರೆಯಲು ಬರುತ್ತಿದ್ದವರು ವೈನಿ ಒಬ್ಬರೇ. ಅವರು ಬರೆಯತೊಡಗಿದರು. ಗುರೆಳ್ಳು ಹುರಿಯುವ ಹದ, ಶೇಂಗಾ ಚಟ್ನಿಯನ್ನು ಕುಟ್ಟಿದರೇ ಏಕೆ ರುಚಿ, ಬಾಣಂತಿಗೆ ಯಾವ ಪುಡಿ — ಕನ್ನಡದಲ್ಲಿ ಬರೆದು ಕೆಳಗೆ ಮರಾಠಿಯಲ್ಲೂ ಹಾಕುತ್ತಿದ್ದರು. ಪುಣೆ, ಮುಂಬಯಿ ಸೇರಿದ್ದ ನಮ್ಮ ಕಡೆಯ ಜನ ಓದಿ ಉತ್ತರ ಬರೆದರು. ಆ ಪುಡಿಗಳಿಗೆ ಬೇಡಿಕೆ ಬಂತು. ಸೊಸೆಯ ಹೆಸರನ್ನು ಪೇಟೆಯಲ್ಲಿ ಎಂದೂ ಎತ್ತದ ಕಾಕಾ, “ನಮ್ಮ ಗಿರಿಜಾ ಬರೀತಾಳ್ರಿ” ಎಂದು ಗಿರಾಕಿಗಳ ಮುಂದೆ ಹೇಳುವುದನ್ನು ನಾನೇ ಕೇಳಿದ್ದೆ.

ಇನ್ನು ನಾನು ಮಾಡಿದ್ದು.

ಸೈಟಿನ ವಿನ್ಯಾಸವನ್ನು — ಥೀಮ್ ಎನ್ನುತ್ತೇವೆ — ಖರೀದಿಸಿ ಹಾಕುತ್ತೇನೆಂದು ಕಾಕಾಗೆ ಹೇಳಿದ್ದೆ. ಖರೀದಿಸಲಿಲ್ಲ. ಯಾರೋ ಕದ್ದು ಪುಕ್ಕಟೆ ಹಂಚುತ್ತಿದ್ದ ಪ್ರತಿಯನ್ನು ಇಳಿಸಿಕೊಂಡು ಹಾಕಿದೆ. ಅಂಥ ಕಳ್ಳ ಪ್ರತಿಗಳಲ್ಲಿ ಒಂದು ಹಿತ್ತಿಲ ಬಾಗಿಲನ್ನು ಅಡಗಿಸಿ ಇಟ್ಟಿರುತ್ತಾರೆ, ಬೇಕಾದಾಗ ಒಳಗೆ ನುಗ್ಗುತ್ತಾರೆ ಎಂದು ಓದಿದ್ದೆ. ಓದಿದ್ದೆ, ಆದರೂ — ಈ ಅರಿಶಿಣದ ಅಂಗಡಿಯ ಸೈಟಿಗೆ ಯಾವ ಕಳ್ಳ ಬಂದಾನು ಅಂದುಕೊಂಡೆ. ಪಾಸ್‌ವರ್ಡ್ ಕೂಡ ಅಂಗಡಿಯ ಹೆಸರು, ಮುಂದೆ ಒಂದು-ಎರಡು-ಮೂರು. ವೈನಿಗೆ ನೆನಪಿರಲಿ ಎಂದು ನಾನೇ ಇಟ್ಟದ್ದು. ವಾರಕ್ಕೊಮ್ಮೆ ಎಲ್ಲದರ ನಕಲು ತೆಗೆದಿಡುತ್ತೇನೆ ಎಂದಿದ್ದೆ. ಒಮ್ಮೆಯೂ ತೆಗೆದಿಡಲಿಲ್ಲ.

ವೈನಿಯೇ ಮೊದಲು ಗಮನಿಸಿದರು. ಅವರ ಬರಹಗಳ ಕೆಳಗೆ ಗುರುತು ಪರಿಚಯವಿಲ್ಲದ ಭಾಷೆಯ ಕಮೆಂಟುಗಳು, ಜೂಜಿನ, ಔಷಧದ ಜಾಹೀರಾತುಗಳು ಬೀಳತೊಡಗಿದ್ದವು. ಅವರು ದಿನಾ ಅಳಿಸುತ್ತಿದ್ದರು. ಫೋನ್ ಮಾಡಿ ಹೇಳಿದರು: “ತಮ್ಮಾ, ಇವತ್ತ ನಾ ಬರೀದ ಇದ್ದ ಒಂದ ಪೇಜ್ ತಾನ ಹುಟ್ಟೇತಿ ನೋಡು. ಏನೋ ಗಡಬಡ ಐತಿ. ಒಂದೀಟ ಬಂದ ನೋಡತಿಯೇನು?”

“ಅದೆಲ್ಲಾ ಸ್ಪ್ಯಾಮ್ ಇರ್ತೇತ್ರಿ ವೈನಿ. ಎಲ್ಲಾರಿಗೂ ಬರ್ತಾವು. ತಲಿ ಕೆಡಿಸ್ಕೋಬ್ಯಾಡ್ರಿ.”

ನೋಡಲು ಹೋಗಲಿಲ್ಲ. ಒಂದು ಹೊಸ ಆಸ್ಪತ್ರೆಯ ಸೈಟಿನ ಕೆಲಸ ಸಿಕ್ಕಿತ್ತು, ಅದರ ಗುಂಗಿನಲ್ಲಿದ್ದೆ.

ಅದಾದ ಕೆಲವೇ ದಿನಕ್ಕೆ, ಮೀರಜದಲ್ಲಿ ಕಾಕಾ ಅವರು ಮಗಳನ್ನು ಕೊಟ್ಟಿದ್ದ ಬೀಗರ ಮನೆಯ ನಿಶ್ಚಿತಾರ್ಥ. ಊಟದ ಪಂಕ್ತಿಯಲ್ಲಿ ಬೀಗರು ಪಕ್ಕದವರಿಗೆ ಕಾಕಾ ಅವರ ಸೊಸೆಯ ಬರಹ ತೋರಿಸಲೆಂದು ಮೊಬೈಲಿನಲ್ಲಿ ಸೈಟು ತೆರೆದರು. ಮೇಲೆ ಗಿರಿಜಾ ವೈನಿಯ ಫೋಟೋ, ಹೆಸರು. ಅದರ ಕೆಳಗೆ ನೋಡಬಾರದ ಚಿತ್ರಗಳು — ಹೆಣ್ಣುಮಕ್ಕಳು ಸುತ್ತ ನಿಂತಿದ್ದಾಗ. ಮೊಬೈಲು ಕೈಯಿಂದ ಕೈಗೆ ಹೋಯಿತು. ಯಾರೋ ನಕ್ಕರಂತೆ. ವೈನಿ ಅಲ್ಲೇ ಬಡಿಸುತ್ತಿದ್ದರು.

ಮರುದಿನ ನನ್ನನ್ನು ಅಂಗಡಿಗೆ ಕರೆಸಿದರು. ಗಾದಿಯ ಮೇಲೆ ಕಾಕಾ, ಅವರ ಮಗನೂ ವೈನಿಯ ಗಂಡನೂ ಆದ ರಾಜಶೇಖರ, ಮೀರಜದ ಬೀಗರು, ಪೇಟೆಯ ಕೆಲವು ಹಿರಿಯರು. ವೈನಿಯನ್ನೂ ಮನೆಯಿಂದ ಕರೆಸಿದ್ದರು; ಅವರು ಚೀಲಗಳ ಬಳಿ ಗೋಡೆಗೆ ಆತು ನಿಂತಿದ್ದರು. ಅಲ್ಲಿಗೆ ಬರುವ ಮೊದಲೇ ನಾನು ಸೈಟನ್ನು ಬಿಚ್ಚಿ ನೋಡಿದ್ದೆ. ಕಳ್ಳರು ಬಂದದ್ದು ಎಲ್ಲಿಂದ ಎಂದು ಕಣ್ಣಾರೆ ಕಂಡಿದ್ದೆ — ನಾನು ಹಾಕಿದ ಕದ್ದ ಥೀಮಿನಿಂದಲೇ.

ಕಾಕಾ ಬೈಯಲಿಲ್ಲ. ನಿಧಾನವಾಗಿ ಕೇಳಿದರು: “ಪಾಸ್‌ವರ್ಡ್ ಯಾರ ಕಡೆ ಇತ್ತಪಾ?”

“ವೈನೀ ಕಡೆ ಇತ್ತ್ರಿ.”

ಅಷ್ಟೇ ಹೇಳಿದೆ. ಸುಳ್ಳಲ್ಲ — ಅವರ ಬಳಿ ಇದ್ದದ್ದು ನಿಜ. ನನ್ನ ಬಳಿಯೂ ಇತ್ತು ಎಂದು ಹೇಳಲಿಲ್ಲ. ಕಳ್ಳರಿಗೆ ಪಾಸ್‌ವರ್ಡ್ ಬೇಕಾಗಿರಲೇ ಇಲ್ಲ ಎಂದೂ ಹೇಳಲಿಲ್ಲ. ಯಾರಾದರೂ ಇನ್ನೊಂದು ಪ್ರಶ್ನೆ ಕೇಳಿದ್ದರೆ — ಇಲ್ಲ, ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.

“ನಾ ಯಾರಿಗೂ ಕೊಟ್ಟಿಲ್ರಿ, ಮಾವಾರ,” ಎಂದರು ವೈನಿ. ಮಾತು ಮಾವನಿಗೆ, ನೋಟ ನನ್ನ ಕಡೆಗೆ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಈಗ ಬಾಯಿ ತೆರೆಯುತ್ತೇನೆ ಎಂದು ಅವರು ಕಾಯುತ್ತಿದ್ದರು. ನಾನು ನೆಲ ನೋಡಿದೆ.

“ಪರ ಗಂಡಸರ ಸಂಗಡ ಬರಿಯೂದು ಮಾಡೂದು ನಡದಿತ್ತಲ್ಲ, ಅದರಾಗ ಪಾಸ್‌ವರ್ಡ್ ಯಾರಿಗೋ ಹೋಗೇತಿ ಬಿಡ್ರಿ,” ಎಂದರು ಬೀಗರು. ಯಾರೋ ಓದುಗರು ಚಟ್ನಿಯ ಅಳತೆ ಕೇಳಿದರೆ ವೈನಿ “ಅಣ್ಣಾರ” ಎಂದು ಕರೆದು ಉತ್ತರ ಕೊಟ್ಟಿದ್ದರು. ಅದನ್ನೇ ಅವರು ಹಾಗೆ ಅಂದದ್ದು. ಪಕ್ಕದಲ್ಲೇ ಕುಳಿತ ಗಂಡ ಲೆಕ್ಕದ ಪುಸ್ತಕ ಎಳೆದುಕೊಂಡರು.

“ಆ ಬರದದ್ದೆಲ್ಲಾ ತಗದ ಒಗದಬಿಡು,” ಎಂದರು ಕಾಕಾ ನನಗೆ. “ಅಂಗಡಿ ಹೆಸರ ಇದ್ರ ಸಾಕು.”

ಹೊಲಸನ್ನಷ್ಟೇ ತೊಳೆದು ಬರಹಗಳನ್ನು ಉಳಿಸಬಹುದಿತ್ತು. ನನಗೆ ಬರುತ್ತಿದ್ದ ಕೆಲಸವೇ ಅದು. ಆದರೆ ಎಲ್ಲವನ್ನೂ ಅಳಿಸಿದರೆ ನನ್ನ ಕಳವಿನ ಗುರುತೂ ಅಳಿಯುತ್ತದೆ — ಹಾಗೆಂದು ಯೋಚಿಸಿದೆ. ಅಳಿಸಿದೆ. ಈ ಸಲ ಥೀಮನ್ನು ಖರೀದಿಸಿ ಹಾಕಿದೆ. ಸೈಟು ಸ್ವಚ್ಛವಾಯಿತು. ಹುಡುಗ ಹುಶಾರ ಇದ್ದಾನೆ ಎಂದು ಪೇಟೆಯಲ್ಲಿ ಮಾತಾಯಿತು, ಗಿರಾಕಿಗಳು ಹೆಚ್ಚಿದರು.

ಕೆಲವು ದಿನಗಳ ಮೇಲೆ ವೈನಿಯ ಫೋನ್ ಬಂತು. ತನ್ನ ಮೇಲೆ ಬಂದ ಮಾತಿನ ಬಗ್ಗೆ ಏನೂ ಕೇಳಲಿಲ್ಲ. “ನಾ ಬರದದ್ದು ಎಲ್ಲೆರೆ ಒಂದ ಪ್ರತಿ ಉಳದೇತೇನು, ತಮ್ಮಾ? ನೀ ನಕಲ ತಗದ ಇಡತೇನಿ ಅಂದಿದ್ದಿ.”

“ಎಲ್ಲಾ ಹೋಗ್ಯಾವ್ರಿ ವೈನಿ. ಹ್ಯಾಕರ್ ಹಾಳ ಮಾಡ್ಯಾರ.”

ಅಳಿಸಿದ ಕೈ ನನ್ನದು. ಅದನ್ನೂ ಬೇರೆಯವರ ಮೇಲೆ ಹಾಕಿದೆ.

ಅನಂತರ ವೈನಿ ಅಂಗಡಿಗೆ ಬರಲಿಲ್ಲ. ಅವರ ಕೈಯ ಹದದ ಪುಡಿಗಳೂ ನಿಂತವು. ನಾನು ಮುಂದೆ ಬಂದೆ. ವ್ಯಾಪಾರಿಗಳಿಗೆ ಸೈಟು ಕಾಯುವ ಪಾಠ ಹೇಳುವಷ್ಟು ದೊಡ್ಡವನಾದೆ: ಕದ್ದದ್ದನ್ನು ಹಾಕಬೇಡಿ, ಪಾಸ್‌ವರ್ಡ್ ಬಲವಾಗಿರಲಿ, ನಕಲು ತೆಗೆದಿಡಿ, ಸಣ್ಣ ಅನುಮಾನವನ್ನೂ ಕಡೆಗಣಿಸಬೇಡಿ. ಈಚೆಗೆ ಕುಪವಾಡದಲ್ಲಿ ಅಂಥದೊಂದು ಸಭೆ. ಉಪ್ಪಿನಕಾಯಿ ವ್ಯಾಪಾರದ ಒಬ್ಬ ಹೆಣ್ಣುಮಗಳು ಎದ್ದು ನಿಂತು ಕೇಳಿದಳು, “ಸರ್, ಸೈಟ್ ಹಾಳಾತಂದ್ರ ತಪ್ಪ ಯಾರದು ಅಂತ ನಮ್ಮಂಥವರಿಗೆ ಹ್ಯಾಂಗ ತಿಳೀಬೇಕ್ರಿ?”

“ಸೈಟ್ ಮಾಡಿಕೊಟ್ಟವರನ್ನ ಕೇಳ್ರಿ,” ಎಂದೆ. ಉಳಿದ ಪಾಠ ಹೇಗೆ ಮುಗಿಸಿದೆನೋ.

ಅಲ್ಲಿಂದ ಎದ್ದು ನೇರ ವೈನಿಯ ಮನೆಗೆ ಹೋದೆ. ಕಾಕಾ ತೀರಿಕೊಂಡಿದ್ದರು. ಬಾಗಿಲು ತೆರೆದವರು ವೈನಿ; ಕೂದಲು ನರೆತಿತ್ತು. “ಬಾ, ಕುಂದ್ರು,” ಎಂದರು. ಕೂರಲಾಗಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಕೊನೆಗೆ ಒಂದೇ ಕೇಳಿದರು:

“ನಮ್ಮವ್ವ ಫೋನಿನಾಗ ಹೇಳತಿದ್ಲು, ನಾ ಅಕೀ ಮಾತ ಇದ್ದಂಗ ಬರೀತಿದ್ದೆ. ಅವೆಲ್ಲಾ ನೀನ ಅಳಿಸಿದಿ?”

“ಹೌದ್ರಿ.”

“ಅವ್ವ ಈಗ ಇಲ್ಲ.”

ನಾನು ತಪ್ಪಾಯಿತು ಎನ್ನಲು ಹೋದೆ. ಅವರು ಕೈ ಎತ್ತಿ ತಡೆದರು. “ನನಗ ಯಾಕ ಹೇಳತಿ? ನಾ ಮಾಡಿಲ್ಲ ಅನ್ನೂದು ನನಗ ಮೊದಲ ಗೊತ್ತಿತ್ತು. ಗೊತ್ತಿಲ್ಲದವರ ಕಡೆ ಹೋಗಿ ಹೇಳು.”

ಅಂಗಡಿಗೆ ಹೋಗಿ ರಾಜಶೇಖರ ಅಣ್ಣನ ಮುಂದೆ ಹೇಳಿದೆ. ಅವರು ತಕ್ಕಡಿ ಒರೆಸಿದರು. ಆಮೇಲೆ, “ಬಿಡಪಾ, ಹಳೇದೆಲ್ಲಾ ಈಗ್ಯಾಕ? ಚಹಾ ತಗೊ,” ಎಂದರು. ಅಷ್ಟು ಸುಲಭವಾಗಿ ಬಿಟ್ಟುಬಿಡುವುದಕ್ಕೆ ಆ ನೋವು ಅವರದಾಗಿರಲಿಲ್ಲ. ಚಹಾ ಕುಡಿಯದೆ ಎದ್ದು ಬಂದೆ. ಹಾಗೆ ಎದ್ದು ಬಂದದ್ದೇನೂ ದೊಡ್ಡದಲ್ಲ.

ಅಂದು ಗಾದಿಯ ಮೇಲಿದ್ದವರಲ್ಲಿ ಕೆಲವರು ಈಗ ಇಲ್ಲ. ಅವರಿಗೆ ನಿಜ ಇನ್ನು ಮುಟ್ಟುವುದಿಲ್ಲ. ಉಳಿದವರ ಮನೆಗಳಿಗೆ ಒಂದೊಂದಾಗಿ ಹೋಗುತ್ತಿದ್ದೇನೆ. ನಿನ್ನೆ ಮೀರಜದ ಬೀಗರಲ್ಲಿಗೆ ಹೋಗಿದ್ದೆ. ತುಂಬ ವಯಸ್ಸಾಗಿದೆ, ಮರೆವು ಬಂದಿದೆ. ವೆಬ್‌ಸೈಟು ಎಂದರೆ ತಿಳಿಯಲಿಲ್ಲ. ನಾನು ಯಾರೆಂದೂ ನೆನಪಾಗಲಿಲ್ಲ. ಗುರುಸಿದ್ದ ಕಾಕಾ ಅವರ ಸೊಸೆ ಗಿರಿಜಾ ಅಂದೆ.

“ಹಾಂ, ಅಕೀ,” ಎಂದರು ಕೂಡಲೇ, ದನಿ ತಗ್ಗಿಸಿ. “ಅಕೀದ ಏನೋ ಭಾನಗಡಿ ಆಗಿತ್ತಲ್ಲ, ಪರ ಗಂಡಸರ ಸಂಗಡ.”

ನಾನು ಅವರ ಹತ್ತಿರ ಸರಿದು ಕುಳಿತು, ಗಟ್ಟಿಯಾಗಿ, ಮೊದಲಿನಿಂದ ಹೇಳತೊಡಗಿದೆ.