ರೇಡಿಯೇಟರ್ ಮುಂದೆ ಅಪ್ಪನ ಮುಖ

ಅಪ್ಪ ತೀರಿಕೊಂಡ ಮೇಲೆ ನಮ್ಮ ಪಿಕಪ್ ಓಡಿಸುವವಳು ನಾನಾದೆ, ಯಜಮಾನ ಮಾತ್ರ ಅಣ್ಣನಾದ. ಅದು ಹಾಗೇಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅವನು ಗಂಡು ಮಗ, ಆರ್‌ಸಿ ಅವನ ಹೆಸರಿಗೆ ಹೋಯಿತು. ಸ್ಟೇರಿಂಗು ನನ್ನ ಕೈಗೆ ಬಂತು. ಬೆಳಗಾಗುವಾಗ ಕೆ.ಆರ್. ಪುರದಾಚೆಯ ತೋಟಗಳಲ್ಲಿ ಸೊಪ್ಪು ತುಂಬಿಕೊಂಡು ಬಂದು ರಸೆಲ್ ಮಾರುಕಟ್ಟೆಯಲ್ಲಿ ಇಳಿಸುವುದು ಅಪ್ಪನ ಕೆಲಸವಾಗಿತ್ತು. ಪಕ್ಕದ ಸೀಟಿನಲ್ಲಿ ಕೂತು ಕೂತೇ ನಾನದನ್ನು ಕಲಿತಿದ್ದೆ. ಮರ್ಫಿ ಟೌನಿನ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಆ ಗಾಡಿಯಿಂದ. ಅಣ್ಣ ಇಂದಿರಾನಗರದ ಒಂದು ಜಿಮ್ಮಿನಲ್ಲಿ ಕೆಲಸಕ್ಕಿದ್ದ. ಅವನ ಸಂಬಳ ಅವನ ಬಟ್ಟೆ ಬೂಟಿಗೇ ಸರಿಹೋಗುತ್ತಿತ್ತು.

ಅಪ್ಪನಿಗೆ ಮಕ್ಕಳಿಗಿಂತ ಗಾಡಿಯೇ ಹೆಚ್ಚು ಎಂದು ಅಮ್ಮ ರೇಗುತ್ತಿದ್ದಳು. ಭಾನುವಾರ ಬಂತೆಂದರೆ ಹಲ್ಲುಜ್ಜಿ ಸವೆದ ಹಳೇ ಬ್ರಷ್ ಹಿಡಿದು ರೇಡಿಯೇಟರ್ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಅದರ ಸಣ್ಣ ಸಂದುಗಳಲ್ಲಿ ಸಿಕ್ಕಿಕೊಂಡ ಹುಳು, ಧೂಳು, ಒಣಗಿದ ಸೊಪ್ಪಿನ ಚೂರು ಎಲ್ಲವನ್ನೂ ಉಜ್ಜಿ ತೆಗೆಯುತ್ತಿದ್ದ. "ಇಲ್ಲಿ ಗಾಳಿ ಆಡ್ಬೇಕಮ್ಮ. ಗಾಳಿ ಇಲ್ದಿದ್ರೆ ಎಷ್ಟ್ ನೀರು ಹಾಕಿದ್ರೂ ಇಂಜಿನ್ ಬೆಂದೋಗುತ್ತೆ" ಅನ್ನುತ್ತಿದ್ದ. ಅಣ್ಣ ಆ ಹೊತ್ತಿನಲ್ಲಿ ಒಳಗೆ ಮಲಗಿರುತ್ತಿದ್ದ.

ವರ್ಷದ ತಿಥಿ ಮುಗಿದ ಮೇಲೆ ಅವನಿಗೆ ಇದ್ದಕ್ಕಿದ್ದಂತೆ ಗಾಡಿಯ ಮೇಲೆ ಪ್ರೀತಿ ಉಕ್ಕಿತು. ಬಂಡೆ ಹತ್ತುವ, ಕೆಸರು ಹಾರಿಸುವ ಜೀಪುಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ ತಲೆ ಕೆಟ್ಟಿತ್ತು. ಶಿವಾಜಿನಗರದ ಬಿಡಿಭಾಗದ ಅಂಗಡಿಗಳಿಗೆ ಹೋಗಿ, ಕಾಡುಮೇಡು ಅಲೆಯುವ ಗಾಡಿಗಳಿಗೆ ಹಾಕುವಂಥ ದಪ್ಪ ಕಬ್ಬಿಣದ ಬಂಪರ್ ಕೂರಿಸಿಕೊಂಡು ಬಂದ. ಕೊತ್ತಂಬರಿ ಹೊರುವ ಗಾಡಿಗೆ ಅಂಥ ಬಂಪರ್! ಆನೆ ಹಿಡಿಯಲು ಹೊರಟಿರಾ ಎಂದು ಮಾರುಕಟ್ಟೆಯ ಹಮಾಲರು ನನ್ನನ್ನು ರೇಗಿಸಿದರು. ನಾನೂ ನಕ್ಕೆ. ಬಂಪರಿನ ನಡುವೆ ಗಾಳಿ ನುಗ್ಗಲು ಅಗಲವಾದ ಕಿಂಡಿ ಬಿಟ್ಟಿದ್ದರು, ಭಾರ ಒಂದು ಬಿಟ್ಟರೆ ತೊಂದರೆ ಇರಲಿಲ್ಲ.

ಆಯುಧ ಪೂಜೆಗೆ ಅವನು ಆ ಕಿಂಡಿಯನ್ನೂ ಮುಚ್ಚಿಸಿದ. ಜೋಗುಪಾಳ್ಯದ ಪೇಂಟರ್ ಒಬ್ಬನ ಕೈಲಿ ದೊಡ್ಡ ತಗಡಿನ ಮೇಲೆ ಅಪ್ಪನ ಮುಖ ಬರೆಸಿ, ಕೆಳಗೆ 'ತಂದೆಯ ಆಶೀರ್ವಾದ' ಎಂದು ಹಾಕಿಸಿ, ಬಂಪರಿನಿಂದ ಬಾನೆಟ್ಟಿನವರೆಗೆ ಮುಂಭಾಗ ಪೂರ್ತಿ ಮುಚ್ಚುವಂತೆ ಬೋಲ್ಟ್ ಬಿಗಿಸಿದ. ಬೀದಿಯವರೆಲ್ಲ ಬಂದು ಕೈಮುಗಿದರು. ಇಂಥ ಮಗನನ್ನು ಹೆತ್ತದ್ದಕ್ಕೆ ಅಮ್ಮನನ್ನು ಹೊಗಳಿದರು. ಮುಖ ಚೆನ್ನಾಗಿಯೇ ಬಂದಿತ್ತು, ಮೀಸೆಯ ಒಂದು ಬದಿ ಸ್ವಲ್ಪ ಕೆಳಗಿಳಿದಿದ್ದದ್ದೂ ಹಾಗೇ ಇತ್ತು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಮಾರನೇ ಬೆಳಿಗ್ಗೆ ಲೋಡು ಹಾಕಿಕೊಂಡು ಬರುವಾಗ ಕೆ.ಆರ್. ಪುರದ ತೂಗುಸೇತುವೆ ದಾಟುವಷ್ಟರಲ್ಲಿ ಶಾಖದ ಮುಳ್ಳು ಕೆಂಪಿಗೆ ಏರಿತ್ತು. ಬದಿಗೆ ಹಾಕಿ ಬಾನೆಟ್ ಎತ್ತಿದರೆ ಒಳಗೆಲ್ಲ ಬುಸುಬುಸು ಹಬೆ. ನೀರು ಕಡಿಮೆಯಾಗಿರಲಿಲ್ಲ, ಬೆಲ್ಟು ಸರಿಯಿತ್ತು, ಫ್ಯಾನು ತಿರುಗುತ್ತಲೇ ಇತ್ತು. ಅದು ಎಳೆದುಕೊಳ್ಳಲು ಗಾಳಿಯೇ ಇರಲಿಲ್ಲ. ಇಂಜಿನ್ ಆರುವಷ್ಟರಲ್ಲಿ ಸೊಪ್ಪು ಬಾಡಿತ್ತು, ಮಾರುಕಟ್ಟೆಯಲ್ಲಿ ಬೈಸಿಕೊಂಡು ಮನೆಗೆ ಬಂದೆ.

ತಗಡನ್ನು ಕ್ಯಾಬಿನ್ ಮೇಲೆ ಕೂರಿಸೋಣ, ಇಲ್ಲ ಹಿಂದಿನ ಬಾಗಿಲಿಗೆ ಹಾಕೋಣ ಎಂದೆ. ನೀರು ಹಾಕುವುದು ನೀನೇ ಮರೆತಿರಬೇಕು ಅಂದ ಅಣ್ಣ. ಹಿಂದಕ್ಕೆ ಹಾಕಿದರೆ ಅಪ್ಪನಿಗೆ ಅವಮಾನವಂತೆ, ಅವನು ಮುಂದೆ ಇದ್ದು ನಮ್ಮನ್ನು ಕಾಯಬೇಕಂತೆ. ಮೈಯೆಲ್ಲ ಉರಿಯಿತು. ಪಕ್ಕದ ಮನೆಯ ವೆಲ್ಡರ್ ಹತ್ತಿರ ಡ್ರಿಲ್ ಇಸ್ಕೊಂಡು ಬಂದೆ, ತಗಡಿಗೆ ನಾಲ್ಕಾರು ತೂತಾದರೂ ಹೊಡೆಯೋಣ ಎಂದು. ಅಮ್ಮ ಅಡುಗೆಮನೆಯಿಂದ ಓಡಿಬಂದು ಗಾಡಿಗೆ ಬೆನ್ನು ಕೊಟ್ಟು ನಿಂತಳು.

"ನಿಮ್ಮಪ್ಪನ ಮುಖಕ್ಕೆ ತೂತು ಹೊಡೀತೀಯೇನೇ? ನಿಂಗೆ ಕೈಯಾದ್ರೂ ಹೆಂಗೆ ಬರುತ್ತೆ?"

ಡ್ರಿಲ್ ವಾಪಸ್ ಕೊಟ್ಟು ಬಂದೆ.

ಆಮೇಲೆ ಆ ಗಾಡಿಯನ್ನು ಬಾಣಂತಿಯ ಹಾಗೆ ನೋಡಿಕೊಂಡೆ. ಲೋಡು ಕಡಿಮೆ ಮಾಡಿದೆ. ಮುಳ್ಳು ಏರಿದ ಕಡೆಯಲ್ಲೆಲ್ಲ ನಿಲ್ಲಿಸಿ, ಬಾನೆಟ್ ಎತ್ತಿ, ಆರಿದ ಮೇಲೆ ಹೊರಡುತ್ತಿದ್ದೆ. ದಿನಾ ತಡವಾಗುತ್ತಿತ್ತು, ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಗಾಡಿ ಹಿಡಿದರು. ಆದರೂ ಇಂಜಿನ್ ಉಳಿಸಿಕೊಂಡಿದ್ದೆ. ಒಂದು ರಜೆಯ ದಿನ ಅಣ್ಣ ಸ್ನೇಹಿತರನ್ನು ಹಿಂದೆ ತುಂಬಿಕೊಂಡು ಗಾಡಿಯನ್ನು ಬೆಟ್ಟ ಹತ್ತಿಸಲು ಒಯ್ದ. ಮುಳ್ಳಿನ ಕಡೆ ಕಣ್ಣು ಹಾಯಿಸುವ ಅಭ್ಯಾಸ ಅವನಿಗೆಲ್ಲಿಂದ ಬರಬೇಕು? ಸಂಜೆ ಗಾಡಿ ಇನ್ನೊಂದು ಗಾಡಿಯ ಹಗ್ಗದಲ್ಲಿ ಎಳೆಸಿಕೊಂಡು ಮನೆಗೆ ಬಂತು. ಇಂಜಿನ್ ಕಾದು ಕಚ್ಚಿಕೊಂಡು ಹೋಗಿತ್ತು, ಮತ್ತೆ ತಿರುಗುವಂತಿರಲಿಲ್ಲ. ಎದುರಿಗೆ ಅಪ್ಪ ಮಾತ್ರ ಒಂದು ಗೀರೂ ಇಲ್ಲದೆ ನಗುತ್ತಿದ್ದ.

"ಇವ್ಳು ದಿನಾ ಬಿಸಿ ಮಾಡಿ ಮಾಡಿ ಮೊದ್ಲೇ ಹಾಳ್ಮಾಡಿ ಇಟ್ಟಿದ್ಲು" ಅಂದ ಅಣ್ಣ. ಅಮ್ಮ ನನ್ನ ಮುಖ ನೋಡಿದಳು, ಅವನನ್ನು ಏನೂ ಕೇಳಲಿಲ್ಲ. ಅದನ್ನು ನಾನು ಇವತ್ತಿಗೂ ನುಂಗಿಕೊಂಡಿಲ್ಲ.

ಗಾಡಿ ಗುಜರಿಗೆ ಹೋಯಿತು. ಬಂಪರನ್ನು ತಗಡಿನ ಸಮೇತ ಬಿಚ್ಚಿ ನಡುಮನೆಯಲ್ಲಿ ಇಟ್ಟುಕೊಂಡರು. ನಾನು ಈಗ ಬೇರೆ ಕಡೆ ಬಾಡಿಗೆ ಕೋಣೆಯಲ್ಲಿದ್ದೇನೆ, ಬೇರೆಯವರ ಗಾಡಿಗೆ ಡ್ರೈವರ್, ಅದೇ ದಾರಿ, ಅದೇ ಮಾರುಕಟ್ಟೆ. ಅಪ್ಪನ ಬ್ರಷ್ ಮಾತ್ರ ಜೊತೆಗಿದೆ. ಗುಜರಿಯವನು ಬರುವ ಮುಂಚೆ ಡ್ಯಾಶ್‌ಬೋರ್ಡಿನಿಂದ ತೆಗೆದಿಟ್ಟುಕೊಂಡಿದ್ದೆ.

ಈ ಸಲದ ಆಯುಧ ಪೂಜೆಗೆ ಅಮ್ಮ ಕರೆದಳೆಂದು ಹೋದೆ. ಗಾಡಿಯೇ ಇಲ್ಲದ ಬಂಪರಿಗೆ ಬಾಳೆಕಂದು ಕಟ್ಟಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟಿದ್ದರು. ಅಣ್ಣ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದ. ಅಮ್ಮ ಆರತಿ ಎತ್ತುತ್ತಾ ಕಣ್ಣೊರೆಸಿಕೊಂಡಳು.

"ನಿಮ್ಮಪ್ಪ ಇದ್ದಿದ್ರೆ ಗಾಡಿ ಈ ಗತಿಗೆ ಬರೋಕೆ ಬಿಡ್ತಿದ್ರಾ?"

"ಬಿಡ್ತಿರ್ಲಿಲ್ಲಮ್ಮ" ಅಂದೆ. "ಅಪ್ಪ ಇದ್ದಿದ್ರೆ ಆವತ್ತು ಡ್ರಿಲ್ ಅವನೇ ಹಿಡೀತಿದ್ದ."

ಅಮ್ಮ ಮಂಗಳಾರತಿ ತಟ್ಟೆಯನ್ನು ಅಣ್ಣನ ಕಡೆ ತಿರುಗಿಸಿದಳು.