ನದಾಫ ಸರ್ ಕೊಡಿಸಿದ ಸ್ಕಾಲರ್‌ಶಿಪ್

‘ಎನ್ನಲಾಗಿದೆ’ ಎಂಬ ಒಂದು ಪದ ಕಂಡರೆ ಸಾಕು, ನದಾಫ ಸರ್ ಮೈಮೇಲೆ ಬಂದವರಂತೆ ಎಗರಾಡುತ್ತಿದ್ದರು. ಬಾಗಲಕೋಟೆಯ ನಮ್ಮ ಕಾಲೇಜಿನಲ್ಲಿ ಅವರು ಪತ್ರಿಕೋದ್ಯಮದ ಅತಿಥಿ ಉಪನ್ಯಾಸಕರು. ನಾವು ಬರೆದು ತಂದ ವರದಿಯಲ್ಲಿ ಆ ಪದ ಇತ್ತೋ, ಹಾಳೆ ಕಿಟಕಿಯಾಚೆ ಹೋಗುತ್ತಿತ್ತು. “ಯಾವ ಮಗ ಅಂದ? ಅಂದಾವಗ ಹೆಸರಿಲ್ಲೇನ? ಹೋಗಿ ಕೇಳ್ಕೊಂಡ ಬಾ,” ಎಂದು, ಸುದ್ದಿಗೆಂದು ಹೋಗಿ ಬೇವೂರಿನಿಂದ ಆಗಷ್ಟೇ ಬಂದಿಳಿದ ನನ್ನನ್ನು ಮತ್ತೆ ಬಸ್ ಹತ್ತಿಸಿದ್ದೂ ಉಂಟು.

ಕಾರಣ ತಿಳಿದದ್ದು ಆಮೇಲೆ. ಅವರ ಅಣ್ಣ ಮೌಲಾಸಾಬ ಇಳಕಲ್ಲಿನ ಕಡೆ ಒಂದು ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಮದ್ದು ಹಾರಿಸುವಾಗ ಸತ್ತರು. ಮರುದಿನ ಪತ್ರಿಕೆಯಲ್ಲಿ ಬಂದದ್ದು, ಕುಡಿದ ಅಮಲಿನಲ್ಲಿ ಕುಣಿಗೆ ಬಿದ್ದು ಸತ್ತ ಎನ್ನಲಾಗಿದೆ ಎಂದು. ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ! ಆಗ ಆ ಪತ್ರಿಕೆಗೆ ಹುನಗುಂದದ ವರದಿಗಾರರು ಸ್ವತಃ ನದಾಫ ಸರ್. ಕ್ವಾರಿಯ ಸಾಹುಕಾರ ಅವರನ್ನು ದಾಟಿ ಸುದ್ದಿಯನ್ನು ನೇರ ಪತ್ರಿಕೆಯ ಮೇಲಿನವರಿಗೆ ಮುಟ್ಟಿಸಿದ್ದ. ಸರ್ ಅಂದೇ ಕೆಲಸ ಬಿಟ್ಟರು. ಅತ್ತಿಗೆಗೆ ಪರಿಹಾರ ಸಿಗಲಿಲ್ಲ, ಕುಡುಕನ ಹೆಂಡತಿ ಎಂಬ ಹೆಸರು ಸಿಕ್ಕಿತು.

ಇದನ್ನು ಕೇಳಿ ನನ್ನ ರಕ್ತ ಕುದ್ದಿತ್ತು. ಸರ್ ಮಾತ್ರ ಚಹಾ ಊದಿಕೊಂಡು ಕುಡಿಯುತ್ತ ಹೇಳಿದರು: “ಸಿಟ್ಟು ಹಸಿ ಕಟ್ಟಿಗಿ ಇದ್ದಂಗ, ತಮ್ಮಾ. ಈಗ ಹಚ್ಚಿದರ ಬರೇ ಹೊಗಿ. ಒಣಗಲಿ ಬಿಡು.”

ಸಾಹುಕಾರನಿಗೆ ಒಂದು ಚಟವಿತ್ತು. ಪ್ರತಿವರ್ಷ ಅಪ್ಪನ ಪುಣ್ಯತಿಥಿಗೆ ಪೆಂಡಾಲು ಹಾಕಿಸಿ, ಕಂಡಕಂಡವರಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುವುದು. ನದಾಫ ಸರ್ ಒಂದು ವರ್ಷ ಅಲ್ಲಿಗೆ ಹೋಗಿ ಕೈಮುಗಿದರು. ನಿಮ್ಮ ತಂದೆಯವರ ಹೆಸರಿನಲ್ಲಿ ತನಿಖಾ ವರದಿಗಾರಿಕೆ ಕಲಿಯುವ ಹುಡುಗರಿಗೊಂದು ಸ್ಕಾಲರ್‌ಶಿಪ್ ಇಡಿರಿ, ರಾಜ್ಯಕ್ಕೆಲ್ಲ ಹೆಸರಾಗುತ್ತದೆ ಎಂದರು. ಅಣ್ಣನ ಹೆಣ ಮಾರಿಕೊಂಡ ಎಂದು ಊರು ಉಗಿಯಿತು. ನದಾಫ ಬಗ್ಗಿದ ಎಂದು ಸಾಹುಕಾರ ಹಿಗ್ಗಿದ. ಬೋರ್ಡಿನ ಮೇಲೆ ಅಪ್ಪನ ಹೆಸರು ಎಷ್ಟು ದೊಡ್ಡದು ಎಂಬುದನ್ನು ಬಿಟ್ಟು ಬೇರೇನನ್ನೂ ಅವನು ಕೇಳಲಿಲ್ಲ; ಹುಡುಗರ ಆಯ್ಕೆ, ವಿಷಯ ಎಲ್ಲ ಸರ್ ಕೈಗೇ ಬಂತು. ಮೊದಲು ಆಯ್ಕೆಯಾದ ಹುಡುಗಿಯಿಂದ ಸರ್ ಬಾದಾಮಿಯ ಪ್ರವಾಸಿಗರನ್ನು ಸುಲಿಯುವವರ ಬಗ್ಗೆ ಬರೆಸಿದರು. ಸಾಹುಕಾರ ಆ ವರದಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ.

ಆಮೇಲಿನ ವರ್ಷ ನನ್ನ ಸರದಿ. “ನೀ ಕ್ವಾರಿ ಮಾಡು,” ಎಂದರು, ಅಷ್ಟೇ.

ಕ್ವಾರಿ ಕೆಲಸಗಾರರ ಬದುಕಿನ ಬಗ್ಗೆ ಬರೆಯುತ್ತೇನೆಂದಾಗ ಸಾಹುಕಾರ ತಾನೇ ಜೀಪಿನಲ್ಲಿ ಕರೆದೊಯ್ದ, ಹೋಳಿಗೆ ಉಣಿಸಿದ. ತನ್ನ ದುಡ್ಡಿನಲ್ಲಿ ಓದುವವನು ತನ್ನ ಮನೆಯ ಆಳಿದ್ದಂತೆ ಎಂದು ಆ ಭಾಡ್ಯಾ ತಿಳಿದಿದ್ದ. ಕೆಲಸಗಾರರನ್ನೆಲ್ಲ ಸೇರಿಸಿ ನನ್ನ ಹೆಗಲ ಮೇಲೆ ಕೈಹಾಕಿ, “ಇಂವಾ ನಮ್ಮಾವನ ಅದಾನ. ಏನ ಕೇಳಿದ್ರೂ ಹೇಳ್ರಿ, ಮುಚ್ಚಿಡಬ್ಯಾಡ್ರಿ,” ಎಂದು ಅಪ್ಪಣೆ ಮಾಡಿ ಹೋದ.

ಅವರು ಧಣಿಯ ಮಾತು ಮೀರುವವರಲ್ಲ. ಹೇಳಿದರು. ಸೈರನ್ ಕೆಟ್ಟು ಬಹಳ ದಿನವಾಗಿದ್ದನ್ನು, ಮೌಲಾಸಾಬ ಕೆಳಗಿರುವಾಗಲೇ ಮದ್ದು ಹಾರಿಸಿದ್ದನ್ನು, ಒಬ್ಬೊಬ್ಬರೂ ಹೆಸರು ಹೇಳಿ, ಮೊಬೈಲಿಗೆ ಮುಖ ಕೊಟ್ಟು ಹೇಳಿದರು. ಕೊನೆಗೆ ಒಬ್ಬ ಮುದುಕ ತಲೆ ತಗ್ಗಿಸಿದ. “ಜೀವ ಹೋದ ಮ್ಯಾಲೆ ಬಾಯಾಗ ಸೆರಿ ಬಾಟ್ಲಿ ಸುರುವಿದ್ರು, ತಮ್ಮಾ. ತಲಿ ಎತ್ತಿ ಹಿಡದಾಂವ ನಾನ.”

ವರದಿ ಬೇರೊಂದು ಪತ್ರಿಕೆಯಲ್ಲಿ ಅಚ್ಚಾಯಿತು, ಒಂದೇ ಒಂದು ‘ಎನ್ನಲಾಗಿದೆ’ ಇಲ್ಲದೆ. ಕ್ವಾರಿಗೆ ಬೀಗ ಬಿತ್ತು, ಅತ್ತಿಗೆ ಕೊಟ್ಟ ದೂರಿನ ಮೇಲೆ ಸಾಹುಕಾರ ಒಳಗೆ ಹೋಗಿ ಜಾಮೀನಿನ ಮೇಲೆ ಬಂದ. ಅಪ್ಪನ ಹೆಸರಿನ ಸ್ಕಾಲರ್‌ಶಿಪ್ ಮಗನ ಬುಡಕ್ಕೇ ಬಂತಲ್ಲ ಎಂದು ಇಳಕಲ್ಲಿನ ಸಂತೆಯೆಲ್ಲ ನಕ್ಕಿತು. ನಾನೂ ಹೊಟ್ಟೆ ತುಂಬ ನಕ್ಕೆ. ಸರ್ ಆ ಪುಟವನ್ನು ಒಯ್ದು ಅತ್ತಿಗೆಗೆ ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ ಓದಿ ಹೇಳಿದರು.

ಆಮೇಲೆ ವಾಸಿಯಾಗದ ಬೇನೆ ಹತ್ತಿ ಸರ್ ದವಾಖಾನೆ ಸೇರಿದಾಗ ಸಾಹುಕಾರ ಹಣ್ಣಿನ ಬುಟ್ಟಿ ಹಿಡಿದು ಬಂದ. ಆಗಿದ್ದು ಆಯಿತು, ಮಾಫಿ ಮಾಡಿ, ದೂರು ಹಿಂದಕ್ಕೆ ತಗೊಳ್ಳುವಂತೆ ಅತ್ತಿಗೆಗೆ ಹೇಳಿರಿ ಎಂದ. ಸರ್ ನೆಟ್ಟಗೆ ಕೂತರು.

“ಮಾಫಿ ನನ್ನ ಕೈಯಾಗಿಲ್ರಿ ಸಾಹುಕಾರ್ರ, ಅಣ್ಣನ ಕಡೆ ಐತಿ. ಹೆಂಗೂ ನಾ ಅಲ್ಲಿಗೇ ಹೊಂಟೇನಿ, ಕೇಳ್ತೇನಿ. ಅಂವಾ ಏನಂದಾ ಅಂತ ತಿಳ್ಕೊಳ್ಳಾಕ ನೀವ ಅಲ್ಲಿಗೆ ಬರ್ರಿ.”

ಅದೇ ವಾರ ಅವರು ಹೋದರು. ಅವರ ಊರಾದ ಕಮತಗಿಯ ಖಬರಸ್ಥಾನದಲ್ಲಿ ಮಣ್ಣು ಕೊಡುವ ಹೊತ್ತಿಗೆ ಸಾಹುಕಾರ ಬಿಳಿ ಅಂಗಿ ತೊಟ್ಟು ಬಂದ, ಫೋಟೋ ತೆಗೆಯಲು ಹಿಂದೊಬ್ಬನನ್ನು ಕರೆತಂದಿದ್ದ. ನಾಳೆ ಆ ಫೋಟೋ ತೋರಿಸಿ, ನದಾಫನಿಗೂ ತನಗೂ ರಾಜಿಯಾಗಿತ್ತು ಎಂದು ಸಾರುತ್ತಾನೆ ಎಂಬುದು ನನಗೆ ಗೊತ್ತಿಲ್ಲವೆ? ಅವನು ಬಗ್ಗಿ ಹಿಡಿ ಮಣ್ಣು ತುಂಬಿಕೊಂಡ. ನಾನು ಮುಂದೆ ಹೋಗಿ ಅವನ ಮಣಿಕಟ್ಟು ಹಿಡಿದೆ. ಸತ್ತವರ ಮುಂದೆ ಹಗೆ ಬೇಡಪ್ಪ ಎಂದರು ಹಿರಿಯರೊಬ್ಬರು. ನಾನು ಬಿಡಲಿಲ್ಲ. ಅವನ ಮುಷ್ಟಿ ಬಿಚ್ಚಿ, ಮಣ್ಣೆಲ್ಲ ಅವನ ಕಾಲ ಮೇಲೆಯೇ ಬೀಳುವ ತನಕ ಹಿಡಿದೇ ಇದ್ದೆ.