ಕಾಲುವೆಗೆ ಬಿದ್ದ ಲಿಂಗ

ನಮ್ಮಪ್ಪನ ಎಡ ಅಂಗೈ ಅವನ ಸ್ವಂತದ್ದಲ್ಲ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಅದು ಲಿಂಗದ್ದು. ಎಂಟನೇ ವಯಸ್ಸಿನಲ್ಲಿ ಅವರಜ್ಜ ಕೊರಳಿಗೆ ಕಟ್ಟಿಸಿದ ಇಷ್ಟಲಿಂಗವನ್ನು ಬೆಳ್ಳಿ ಕರಡಿಗೆಯಿಂದ ಹೊರತೆಗೆದು, ಅಂಗೈ ಮೇಲಿಟ್ಟುಕೊಂಡು, ನೀರು ಹಾಕಿ, ವಿಭೂತಿ ಹಚ್ಚಿ, ಪತ್ರಿ ಏರಿಸುವ ತನಕ ಒಂದು ಹನಿ ನೀರೂ ಅವನ ಗಂಟಲಲ್ಲಿ ಇಳಿಯುವುದಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು, ಎದ್ದ ಕೂಡಲೇ ಏನಾದರೂ ತಿನ್ನಬೇಕು ಎಂದು ತಾಕೀತು ಮಾಡಿದರು. ಅಪ್ಪ ವಿಚಾರ ಮಾಡಿ, "ಹಂಗಾರ ಇನ್ನ ಮ್ಯಾಲ ನಾ ಏಳೂದ ಪೂಜಿ ಆದಮ್ಯಾಲ ಅಂತ ತಿಳಕೋರಿ" ಅಂದ. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

ಅಪ್ಪನದು ಕಂಪ್ಲಿಯಲ್ಲಿ ರೈಸ್ ಮಿಲ್ಲು, ಮೆಟ್ರಿಯಲ್ಲಿ ಕಾಲುವೆ ದಂಡೆಗೆ ಗದ್ದೆ. ನಾನಿರುವುದು ಸಂಡೂರಿನಾಚೆ ಯಶವಂತನಗರದಲ್ಲಿ. ಗಣಿಯೊಂದರ ಲ್ಯಾಬಿನಲ್ಲಿ ಅದಿರಿನ ಕಲ್ಲು ಪುಡಿ ಮಾಡಿ ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ಅಲ್ಲಿ ಸಂಶಯವೇ ನಮ್ಮ ಅನ್ನ. ಕಾಂಟ್ರಾಕ್ಟರು ಹೇಳಿದ್ದನ್ನು ನಂಬಬಾರದು, ಮಷೀನು ಹೇಳಿದ್ದನ್ನೂ ಎರಡನೇ ಸಲ ಕೇಳಿ ನೋಡಬೇಕು. ಇಂಥ ಕೆಲಸ ಮಾಡುವವಳಿಗೆ ಇಂಥ ಅಪ್ಪ. ನನ್ನ ಕೊರಳಿನ ಲಿಂಗ ಕಾಲೇಜಿಗೆ ಹೋಗುವಾಗಲೇ ಅವ್ವನ ದೇವರ ಜಗುಲಿಯ ಡಬ್ಬಿ ಸೇರಿತ್ತು. ರಜೆಗೆ ಬಂದಾಗಲೆಲ್ಲ ನಾನು ಅಪ್ಪನನ್ನು ಕೆಣಕುವುದು ಮನೆಯಲ್ಲಿ ಒಂದು ಪದ್ಧತಿಯೇ ಆಗಿಬಿಟ್ಟಿತ್ತು.

"ಅಪ್ಪಾ, ಒಂದ್ ದಿನನೂ ನಿನಗ ಅನುಮಾನ ಬಂದಿಲ್ಲೇನು, ಇದು ಬರೇ ಕಲ್ಲಿದ್ರ ಅಂತ?"

"ಮೊದ್ಲ ಉಣ್ಣು. ಹಸದ ಹೊಟ್ಟಿಗೆ ಇಂಥಾ ಪ್ರಶ್ನಿ ಬರ್ತಾವು."

ಉಂಡ ಮೇಲೆ ಕೇಳಿದರೆ, "ಹೊಟ್ಟಿ ತುಂಬಿದಮ್ಯಾಲ ಇಂಥಾ ಪ್ರಶ್ನಿ ಬರ್ತಾವು, ಹೋಗಿ ಮಲಕೋ" ಅನ್ನುತ್ತಿದ್ದ. ಯಾವ ಹೊಟ್ಟೆಯಲ್ಲಿ ಕೇಳಬೇಕು ಎಂದು ಮಾತ್ರ ಹೇಳಲಿಲ್ಲ. ನನ್ನ ಲೆಕ್ಕದಲ್ಲಿ ಅದು ಅಂಜಿಕೆ. ಒಂದು ಇಟ್ಟಿಗೆ ಅಲುಗಾಡಿದರೆ ಗೋಡೆಯೇ ಬಿದ್ದೀತು ಎಂಬ ಅಂಜಿಕೆಯಿಂದ ಇವರು ಯಾವ ಇಟ್ಟಿಗೆಯನ್ನೂ ಮುಟ್ಟಿ ನೋಡುವುದಿಲ್ಲ ಎಂದು ನಾನು ಲ್ಯಾಬಿನ ಗೆಳತಿಯರ ಮುಂದೆ ಭಾಷಣ ಮಾಡುತ್ತಿದ್ದೆ.

ನಾನು ಮುಟ್ಟಿ ನೋಡಿದ್ದೆ, ಆರನೇ ಕ್ಲಾಸಿನಲ್ಲಿದ್ದಾಗ. ಅಪ್ಪ ಪೂಜೆಗೆ ಕೂತು ಕಣ್ಣು ಮುಚ್ಚಿದ್ದ. ಅಂಗೈ ಮೇಲಿನ ಲಿಂಗದೊಳಗೆ ಏನಿದೆ ನೋಡೋಣವೆಂದು ಹಿಂದಿನಿಂದ ಹೋಗಿ ಕಂಪಾಸಿನ ಮುಳ್ಳಿನಿಂದ ಚುಚ್ಚಿದೆ. ಲಿಂಗಕ್ಕೆ ಮೇಲೊಂದು ಕಪ್ಪು ಲೇಪ ಇರುತ್ತದೆ, ಕಂತಿ ಅನ್ನುತ್ತಾರೆ. ಅದರಲ್ಲಿ ಸಾಸಿವೆಯಷ್ಟು ತಗ್ಗು ಬಿತ್ತು. ಅಪ್ಪ ಕಣ್ಣು ತೆರೆದು ತಗ್ಗು ನೋಡಿದ, ಕಂಪಾಸು ನೋಡಿದ, ನನ್ನನ್ನು ನೋಡಿದ.

"ಏನರ ಸಿಕ್ತೇನು?"

"ಇಲ್ಲ."

"ಹುಡುಕಿದಿ ಅಲ್ಲ, ಸಾಕು ಬಿಡು" ಎಂದು ಮತ್ತೆ ಕಣ್ಣು ಮುಚ್ಚಿದ. ಹೊಸ ಕಂತಿ ಹಾಕಿಕೊಡುತ್ತೇನೆ ಎಂದು ಮನೆಗೆ ಬರುವ ಅಯ್ಯನವರು ಎಷ್ಟೋ ಸಲ ಹೇಳಿದರೂ ಅಪ್ಪ ಹಾಕಿಸಲಿಲ್ಲ.

ಆ ಲಿಂಗ ಹೋದ ವರ್ಷ ಕಾಲುವೆಗೆ ಬಿತ್ತು. ಬಿದ್ದದ್ದು ನಿಷ್ಠೆಯಿಂದಲೇ. ಅವತ್ತು ಗದ್ದೆಗೆ ನಸುಕಿನಲ್ಲೇ ಹೋಗಬೇಕಾಗಿ ಬಂದು, ಮನೆಯಲ್ಲಿ ಪೂಜೆ ಆಗಿರಲಿಲ್ಲ. ಆಳುಗಳು ಬುತ್ತಿ ಬಿಚ್ಚುವ ಹೊತ್ತಿಗೆ ಅಪ್ಪ ಕಾಲುವೆಯ ಮೆಟ್ಟಿಲ ಮೇಲೆ ಪೂಜೆಗೆ ಕೂತ. ಎಡ ಅಂಗೈ ಮೇಲೆ ಲಿಂಗ, ಅಂಗಿ ಜೇಬಿನಲ್ಲಿ ಮೊಬೈಲು. ಮಿಲ್ಲಿನಿಂದ ಫೋನು ಬಂತು. ಬೇರೆ ಯಾರೇ ಆಗಿದ್ದರೂ ಒಂದೋ ಪೂಜೆ ನಿಲ್ಲಿಸುತ್ತಿದ್ದರು, ಇಲ್ಲವೇ ಫೋನು ಬಿಡುತ್ತಿದ್ದರು. ಅಪ್ಪ ವ್ಯಾಪಾರಸ್ಥ, ಎರಡನ್ನೂ ಬಿಡಲಿಲ್ಲ. ಬಲಗೈಯಲ್ಲಿ ಫೋನು ಎತ್ತಿ "ಹಲೋ" ಅಂದ, ಎಡಗೈ ಒಂದಿಷ್ಟು ವಾಲಿತು.

ಅದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಆದರೆ ಅವತ್ತು ಮನೆಯಲ್ಲಿ ಯಾರೂ ನಗಲಿಲ್ಲ. ಲಿಂಗ ಕಳೆದರೆ ಸಿಗುವ ತನಕ ಅನ್ನ ನೀರು ಮುಟ್ಟಬಾರದು ಎಂದು ನಮ್ಮಲ್ಲಿ ಹಳೇ ಕಟ್ಟು. ಈಗಿನವರು ಅಯ್ಯನವರಿಂದ ಬೇರೆಯದು ಕಟ್ಟಿಸಿಕೊಂಡು ಸಂಜೆಗೆ ಮಿರ್ಚಿ ತಿನ್ನುತ್ತಾರೆ. ಅಪ್ಪ ಮಾತ್ರ ಕಡ್ಡಿ ಮುರಿದಂತೆ ಹೇಳಿಬಿಟ್ಟ: ಅದೇ ಸಿಗಬೇಕು, ಇಲ್ಲದಿದ್ದರೆ ಇಲ್ಲ. ಆಳುಗಳು ಸಂಜೆಯವರೆಗೆ ಕಾಲುವೆಯಲ್ಲಿ ಮುಳುಗಿ ಎದ್ದರು. ಮಾರನೆಯ ದಿನ ಬೆಳಿಗ್ಗೆ ಅವ್ವ ಫೋನು ಮಾಡಿದಾಗ ಅವಳ ದನಿ ಬೇರೆಯೇ ಇತ್ತು.

"ಗುಳಿಗಿ ತಗೊಂಡಿಲ್ಲ, ನೀರ್ ಸೈತ ಕುಡದಿಲ್ಲ. ಕಣ್ಣು ಕತ್ಲಿ ಬರ್ತೈತಿ ಅಂತಾರ. ನೀ ಬರೂವಾಗ ಹೊಸಪೇಟಿ ಬಜಾರಿನಾಗ ಅಂಥಾದ್ದ ಒಂದು ತಗೊಂಡ್ ಬಾ."

"ಅವ್ವಾ!"

"ಬಾಯಿ ಮುಚ್ಚು. ಜಲ್ದಿ ಬಾ."

ಸುಳ್ಳು ಹೇಳಿದರೆ ನಾಲಿಗೆ ಮೇಲೆ ಗುಳ್ಳೆ ಏಳುತ್ತದೆ ಎಂದು ನಮ್ಮನ್ನು ಹೆದರಿಸಿದ್ದು ಮಾತ್ರವಲ್ಲ, ತಾನೂ ಅದನ್ನು ನಂಬಿದ್ದವಳು ಅವ್ವ. ಅಪ್ಪ ಲೋಕದಲ್ಲಿ ಯಾರ ಮಾತನ್ನಾದರೂ ಎರಡನೇ ಸಲ ಕೇಳದೆ ನಂಬುತ್ತಿದ್ದನೆಂದರೆ ಅವಳದ್ದೊಂದೇ. ಅಂಥವಳು ಗಂಡನಿಗೆ ಮೋಸ ಮಾಡಲು ಹೊರಟಿದ್ದಳು. ಅದು ಬಯಲಾದರೆ ಅವ್ವ ಮತ್ತೆ ಅಪ್ಪನ ಎದುರು ನಿಂತು ಮಾತಾಡಲಾರಳು ಎಂದು ನನಗೆ ಗೊತ್ತಿತ್ತು. ಅಪ್ಪನ ಜೀವಕ್ಕಿಂತ ಆ ಭಯವೇ ದಾರಿಯುದ್ದಕ್ಕೂ ಕಾಡಿತು.

ಹೊಸಪೇಟೆಯಲ್ಲಿ ವಿಭೂತಿ, ರುದ್ರಾಕ್ಷಿ ಮಾರುವ ಅಂಗಡಿಯಲ್ಲಿ ಅಳತೆ ಅಂದಾಜು ಮಾಡಿ ಒಂದು ಲಿಂಗ ಕೊಂಡೆ. ಕಂಪ್ಲಿ ಬಸ್ಸಿನಲ್ಲಿ ಕೂತಾಗ ತಗ್ಗಿನ ನೆನಪು ಬಂತು. ಕೂದಲಿನ ಪಿನ್ನು ತೆಗೆದು, ಬಸ್ಸು ನಿಂತಾಗಲೆಲ್ಲ ಒಂದೊಂದಿಷ್ಟು ಕೆತ್ತಿ, ಸಾಸಿವೆಯಷ್ಟು ತಗ್ಗು ಮಾಡಿದೆ. ಪಕ್ಕದಲ್ಲಿ ಕೂತ ಹೆಂಗಸು ಸೆರಗು ಎಳೆದುಕೊಂಡು ಸರಿದು ಕೂತಳು. ಮನೆ ಮುಟ್ಟಿದ ಕೂಡಲೇ ಅವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಆಟೋ ಹತ್ತಿ ಮೆಟ್ರಿಗೆ ಹೋಗಿ, ಕಾಲುವೆಯಲ್ಲಿ ಮೊಣಕಾಲುದ್ದ ಇಳಿದು, ಕೆಸರು ಮೆತ್ತಿದ ಕೈಯಲ್ಲಿ "ಸಿಕ್ತು" ಎಂದು ತಂದಳು. ಅಪ್ಪ ಎರಡೂ ಕೈ ಒಡ್ಡಿ ಇಸಕೊಂಡ. ಹೆಬ್ಬೆರಳಿನಿಂದ ಒಮ್ಮೆ ಸವರಿದ. ಅವ್ವನ ಒದ್ದೆ ಸೀರೆಯನ್ನು ನೋಡಿದ. "ಸಿಕ್ತಲ್ಲ" ಅಂದ. ಸ್ನಾನ, ಪೂಜೆ ಮುಗಿಸಿ ಎರಡು ರೊಟ್ಟಿ ತಿಂದ.

ಅವ್ವ ಅಡುಗೆಮನೆಗೆ ಬಂದು ಕನ್ನಡಿ ಹಿಡಿದು ನಾಲಿಗೆ ನೋಡಿಕೊಂಡಳು. ಗುಳ್ಳೆ ಇರಲಿಲ್ಲ. ಆದರೂ ಹೇಳಿದ ಸುಳ್ಳಿಗೆಂದು ಅವತ್ತಿನಿಂದ ಬೆಲ್ಲ ಬಿಟ್ಟಳು. ಅಂಗಡಿಯ ಕಲ್ಲಿಗೆ ಸಂಸ್ಕಾರ ಆಗಿಲ್ಲವಲ್ಲ ಎಂದು ಮಾರನೆಯ ದಿನವೇ ಅಯ್ಯನವರನ್ನು ಕರೆಸಿ, "ಕಾಲುವ್ಯಾಗ ಬಿದ್ದಿತ್ರಿ, ಎಲ್ಲಾ ಮೊದಲಿಂದ ಶುದ್ಧಿ ಮಾಡಿಬಿಡ್ರಿ" ಎಂದು ಮಂತ್ರ, ವಿಭೂತಿ ಎಲ್ಲ ಮಾಡಿಸಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆಮೇಲೆ ಕೆಲವು ತಿಂಗಳು ನಾನು ಊರಿಗೆ ಬಂದಾಗಲೆಲ್ಲ ಅಪ್ಪ ಕಣ್ಣು ಮುಚ್ಚಿ ನನ್ನ ಪಿನ್ನಿನ ಕೆಲಸಕ್ಕೆ ಪತ್ರಿ ಏರಿಸುವುದನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ಐವತ್ತು ವರ್ಷ ಕೈಯಲ್ಲಿಟ್ಟುಕೊಂಡ ಮನುಷ್ಯನಿಗೆ ಗುರುತೇ ಹತ್ತಲಿಲ್ಲ! ನಂಬಿಕೆ ಎಂದರೆ ಇದೇ ಎಂದು ಗೆಳತಿಯರಿಗೂ ಹೇಳಿದೆ. ಅವರೂ ನಕ್ಕರು.

ಬೇಸಿಗೆಯಲ್ಲಿ ಕಾಲುವೆ ನೀರು ನಿಲ್ಲಿಸಿ ಹೂಳು ತೆಗೆಯುತ್ತಾರೆ. ಆಗ ನಾನು ರಜೆಗೆ ಬಂದಿದ್ದೆ. ಒಂದು ಮಧ್ಯಾಹ್ನ ಮೆಟ್ರಿಯಿಂದ ನಮ್ಮ ಗದ್ದೆಗೆ ಬರುವ ಆಳೊಬ್ಬ ಮನೆಗೆ ಬಂದ. ಅವರದು ಬೌದ್ಧರ ಮನೆ. ಕಟ್ಟೆಯ ಕೆಳಗೇ ನಿಂತು, ಬಾಳೆ ಎಲೆಯ ತುಂಡಿನಲ್ಲಿ ಇಟ್ಟುಕೊಂಡು ಬಂದದ್ದನ್ನು ಮುಂದೆ ಹಿಡಿದ. ನಮ್ಮ ಮನೆಯ ಮಡಿ-ಮೈಲಿಗೆಯ ಶಿಸ್ತು ಅವನಿಗೂ ಗೊತ್ತು. ಆ ಎಲೆ ನೋಡಿ ನನಗೆ ನಾಚಿಕೆಯಾಯಿತು.

"ಹೂಳಿನ್ಯಾಗ ಸಿಕ್ತು ಸಾವ್ಕಾರ್ರ. ನಾವು ಇದನ್ನೇನ್ ಪೂಜಿ ಮಾಡಾಂಗಿಲ್ಲ. ಆದ್ರ ಇದಕ್ಕ ಯಾರದೋ ಊಟ ನಿಂತಿರ್ತೈತಿ ಅಲ್ಲ, ಅದಕ್ಕ ತಂದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ಬಾಗಿಲ ಹತ್ತಿರ ನಿಂತಿದ್ದ ಅವ್ವ ಚೌಕಟ್ಟು ಹಿಡಿದುಕೊಂಡಳು. ಅಪ್ಪ ಎದ್ದು ಕಟ್ಟೆ ಇಳಿದು ಹೋಗಿ ಲಿಂಗ ಎತ್ತಿಕೊಂಡ. ಪಂಜೆಯ ತುದಿಯಿಂದ ಒರೆಸಿದ. ಹೆಬ್ಬೆರಳು ತಾನಾಗಿಯೇ ಒಂದು ಜಾಗಕ್ಕೆ ಹೋಗಿ ನಿಂತಿತು. ಆ ಜಾಗ ಯಾವುದೆಂದು ನಾನು ನಿಂತಲ್ಲಿಂದಲೇ ತಿಳಿಯಿತು. ಅಲ್ಲಿ ನನ್ನ ಆರನೇ ಕ್ಲಾಸಿನ ತಗ್ಗು ಇತ್ತು.

"ಯಾರದೋ ಏನೋ ಪಾಪ" ಅಂದ ಅಪ್ಪ. "ನಂದಲ್ಲ ಇದು. ನಂದು ಆಗ ಸಿಕ್ಕೈತಲ್ಲ, ನಮ್ಮನಿಯಾಕಿ ಹುಡುಕ್ಯಾಳ. ನೀ ಮ್ಯಾಲ ಬಾ, ಕುಂದ್ರು, ಮಜ್ಜಿಗಿ ಕುಡದ ಹೋಗು."

ಅವ್ವ ಒಳಗೆ ಹೋದಳು. ಮಜ್ಜಿಗೆ ತರಲು ಬಹಳ ಹೊತ್ತು ಹಿಡಿಯಿತು.

ಆ ಸಂಜೆ ಅಪ್ಪ ನನ್ನನ್ನು ಮಿಲ್ಲಿನ ಹಿಂದಿನ ಕಲ್ಲು ಬೆಂಚಿಗೆ ಕರೆದು ಆ ಲಿಂಗವನ್ನು ಕೈಗೆ ಕೊಟ್ಟ. ಒಂದು ಕೊರಳಿಗೆ ಎರಡು ಲಿಂಗ ಸಲ್ಲದು, ಹೊಳೆಗೆ ಬಿಡಬೇಕು. "ಹಂಪ್ಯಾಗ ಬಿಡು, ಆಳ ಇದ್ದಲ್ಲಿ. ಇಲ್ಲೇ ಬಿಟ್ಟರ ಮತ್ತ ಯಾರರ ಒಳ್ಳೇವ್ರು ಹುಡುಕಿ ತಂದಾರು."

ನನಗೆ ತಡೆಯಲಾಗಲಿಲ್ಲ. "ಅಪ್ಪಾ, ನಿನಗ ಗೊತ್ತೈತಿ."

"ಏನ್ ಗೊತ್ತೈತಿ?"

"ಇದ ನಿಂದು ಅಂತ."

ಅಪ್ಪ ಹೊಟ್ಟಿನ ರಾಶಿಯ ಕಡೆ ನೋಡುತ್ತ ಕೂತ. ಆಮೇಲೆ ಹೇಳಿದ: "ನೀ ಸಣ್ಣಾಕಿದ್ದಾಗ ಮಾಡಿದ ತಗ್ಗು ಈಗ ನನ್ನ ಕೊರಳಾಗ ಇರೂದ್ರಷ್ಟು ಆಳ ಇರ್ಲಿಲ್ಲ. ಆಗ ನಿನಗ ಒಂದಿಷ್ಟರ ಅಂಜಿಕಿ ಇತ್ತು."

ನನ್ನ ಮುಖ ಕೆಂಪಾಯಿತು. ಕೈಗೆ ಬಂದ ಮೊದಲ ಗಳಿಗೆಯಲ್ಲೇ ಅವನಿಗೆ ತಿಳಿದಿತ್ತು. ಅಷ್ಟು ತಿಂಗಳು ನಾನು ನಕ್ಕಿದ್ದನ್ನೂ ಅವನು ನೋಡಿರಬೇಕು.

"ಮತ್ತ ಯಾಕ ಸುಮ್ನಿದ್ದಿ? ನಿಯಮ ಎಲ್ಲಿ ಹೋತು?"

"ನಿಮ್ಮವ್ವ ಕಾಲುವ್ಯಾಗ ಇಳದಿದ್ಲು. ಅಕಿಗೆ ಈಜು ಬರಾಂಗಿಲ್ಲ" ಅಂದ ಅಪ್ಪ. "ಕೈಯಾಗ ಹಿಡದಾಗ ಅನುಮಾನ ಬಂತು. ಇದು ಅಲ್ಲ ಅಂದ್ರ ಅಕಿ ಸುಳ್ಳಾಕಿ ಆಗ್ತಾಳ. ಅಕಿ ಸುಳ್ಳಾದ್ರ ನಮ್ಮಜ್ಜ ಕಟ್ಟಿದ್ದೂ ಖರೇ ಇತ್ತೋ ಇಲ್ಲೋ ಯಾರ್ ಹೇಳಬೇಕು? ಅನುಮಾನ ಒಂದ ಕಡೆ ನಿಂದ್ರಾಂಗಿಲ್ಲವ್ವ. ಅದಕ್ಕ ಬ್ಯಾಡ ಅಂದೆ. ಅಕಿಗೆ ಹೇಳಬ್ಯಾಡ ಮತ್ತ."

ಇಷ್ಟು ವರ್ಷ ಅಪ್ಪನಿಗೆ ಅನುಮಾನವೇ ಬರುವುದಿಲ್ಲ ಎಂದುಕೊಂಡಿದ್ದೆ. ಬರುತ್ತದೆ. ಬಂದದ್ದನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿಬಿಡುತ್ತಾನೆ, ಒಳಗೆ ಮಂದಿ ಇದ್ದಾರೆಂದು. ಇದು ಸರಿ ಎಂದು ನಾನು ಈಗಲೂ ಹೇಳಲಾರೆ. ಸಕ್ಕರೆ ಕಾಯಿಲೆಯವನು ಒಂದೂವರೆ ದಿನ ಉಪವಾಸ ಕೂತದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆದರೆ ಇಟ್ಟಿಗೆ ಗೋಡೆಯ ಭಾಷಣ ಮಾತ್ರ ಆಮೇಲೆ ಮಾಡಿಲ್ಲ.

ಯಶವಂತನಗರಕ್ಕೆ ಮರಳುವಾಗ ಹಂಪಿಗೆ ಹೋದೆ. ಹೊಳೆ ಮೆಟ್ಟಿಲ ಹತ್ತಿರ ಹರಗೋಲು ಹತ್ತಿ, ನಡುವೆ ಆಳವಿದ್ದಲ್ಲಿ ನಿಲ್ಲಿಸಲು ಹೇಳಿದೆ. ಕರವಸ್ತ್ರ ಬಿಚ್ಚಿ ಲಿಂಗ ಕೈಯಲ್ಲಿ ಹಿಡಿದೆ. ಅಂಗೈ ವಾಲಿಸಿದರೆ ಆಯಿತು, ಅಪ್ಪನಿಗೆ ಒಂದು ಫೋನು ಬಂದಾಗ ಆದ ಕೆಲಸ. ಕಲ್ಲು ಅಂತ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದವಳು ನಾನೇ. ಬೆರಳು ಬಿಚ್ಚಲಿಲ್ಲ. ತಗ್ಗಿನ ಸುತ್ತ ಅಪ್ಪನ ಹೆಬ್ಬೆರಳು ತಿಕ್ಕಿ ತಿಕ್ಕಿ ನುಣುಪಾಗಿತ್ತು. ನನಗೆ ಅಳು ಬಂತು. ಯಾರ ಮೇಲೋ ಗೊತ್ತಿಲ್ಲ, ಸಿಟ್ಟೂ ಬಂತು.

"ಬಿಡ್ತೀರೇನ್ರಿ ಅಕ್ಕಾರ? ಬಿಸಿಲು ಭಾಳ ಐತಿ" ಅಂದ ಹರಗೋಲಿನವನು.

"ದಂಡಿಗೆ ನಡೀರಿ" ಅಂದೆ.

ಹೊಸಪೇಟೆ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅಪ್ಪನ ಫೋನು ಬಂತು.

"ಬಿಟ್ಟೇನವ್ವ?"

"ಬಿಟ್ಟೆ."

"ಆಳ ಇತ್ತೇನು?"

"ಭಾಳ ಇತ್ತು."

ಆ ಕಡೆ ಮಿಲ್ಲಿನ ಸದ್ದು ಕೇಳುತ್ತಿತ್ತು.

"ಛಲೋ ಆತು" ಅಂದ. "ಹಸಿ ಬಟ್ಟಿಯೊಳಗ ಸುತ್ತಿ ಇಡಬ್ಯಾಡ, ಕಂತಿ ಬಿಡ್ತೈತಿ."